ಫೋಟೋದಲ್ಲಿದ್ದ ಇನ್ನೊಬ್ಬಳು

ವಾಗ್ದೇವಿಗೆ ನಗಲು ಬರುವುದಿಲ್ಲ ಎಂದಲ್ಲ. ಹೊಸನಗರದ ಹೈಸ್ಕೂಲಿನಲ್ಲಿ ಅವಳು ಸೈನ್ಸ್ ಪಾಠ ಮಾಡಿದರೆ ಪಕ್ಕದ ಕ್ಲಾಸಿಗೂ ನಗು ಕೇಳಿಸುತ್ತಿತ್ತು. ಆದರೆ ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ಎಂದರೆ ಯಾರಿಗೆ ತಾನೇ ನಗು ಬಂದೀತು? ಸಾಗರದ ಪೇಟೆಬೀದಿಯ ಸ್ಟುಡಿಯೋದಲ್ಲಿ ಅವಳು ತಲೆನೋವು ಬಂದವಳ ಹಾಗೆ ಕೂತಿದ್ದಳು.

"ಸ್ವಲ್ಪ ನಗಬಹುದಲ್ಲ?" ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ಗಣೇಶಮೂರ್ತಿ ಕೇಳಿದ. ಸ್ಟುಡಿಯೋ ಅವನದೇ.

"ಬಟ್ಟೆ ನೋಡಿ ನಗೋದು ಹ್ಯಾಗೆ? ಮುಖ ಕಂಡರೆ ನಗಬಹುದೇನೋ."

ಬಟ್ಟೆ ಸರಿಯಿತು. ಕೆದರಿದ ಕೂದಲು, ನಾಚಿ ಕೆಂಪಾದ ಕಿವಿ. "ನನ್ನ ಕಷ್ಟ ಬೇರೆ ಟೀಚರೇ. ಇದರೊಳಗೆ ನೀವು ತಲೆಕೆಳಗಾಗಿ ಕಾಣ್ತೀರಿ."

"ಹಾಗಾದ್ರೆ ಈ ಸಿಟ್ಟಿನ ಮುಖವೇ ನಗು ಅಂತ ಕಾಣ್ಬೇಕಲ್ಲ!"

ಬೆಂಚಿನ ಮೇಲಿದ್ದ ತಾಯಿ ಕಾಮಾಕ್ಷಮ್ಮ ಗಂಟಲು ಸರಿಮಾಡಿಕೊಂಡರು. ಮದುವೆಗೆ ನಿಂತ ಹುಡುಗಿ ಫೋಟೋ ತೆಗೆಯುವವನ ಹತ್ತಿರ ಇಷ್ಟು ಮಾತಾಡಬಾರದು ಎಂದು ಅದರ ಅರ್ಥ.

ಆಗ ಹಿಂದಿನ ಪರದೆ ಸರಿಸಿಕೊಂಡು ಒಬ್ಬಳು ಹುಡುಗಿ ಬಂದಳು. ಹದಿನಾರರ ವಯಸ್ಸು, ದುಂಡು ಮುಖ, ಓರೆಯಾದ ಸಣ್ಣ ಕಣ್ಣು, ನಡಿಗೆಯಲ್ಲಿ ದೊಡ್ಡ ಯಜಮಾನಿಯ ಗತ್ತು. ಗಣೇಶಮೂರ್ತಿಯ ತಂಗಿ ಅನ್ನಪೂರ್ಣೇಶ್ವರಿ. ಹುಟ್ಟಿದಾಗಿನಿಂದ ಅವಳ ಬುದ್ಧಿ ನಿಧಾನ, ಮಾತು ತೊದಲು. ಗಿರಾಕಿಗಳಿದ್ದಾಗ ಹೊರಗೆ ಬರಕೂಡದು ಎಂದು ತಾಯಿ ಶಾಂತಮ್ಮನ ಕಟ್ಟಪ್ಪಣೆ. ಅವತ್ತು ಅಪ್ಪಣೆಗೆ ಅವಳು ಕ್ಯಾರೇ ಅನ್ನಲಿಲ್ಲ. ನೇರವಾಗಿ ಬಂದು ವಾಗ್ದೇವಿಯ ಸೆರಗು ಸರಿಮಾಡಿ, ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ಅವಳ ಎರಡೂ ಕೆನ್ನೆ ಹಿಡಿದು, "ನಗು!" ಎಂದು ಗದರಿದಳು.

ವಾಗ್ದೇವಿ ಬಾಯ್ತುಂಬ ನಕ್ಕುಬಿಟ್ಟಳು. ಗಣೇಶಮೂರ್ತಿಯ ಕೈ ತಾನಾಗಿ ಕ್ಯಾಮೆರಾದ ರಬ್ಬರ್ ಬುಗ್ಗೆ ಒತ್ತಿ ಫೋಟೋ ತೆಗೆಯಿತು.

ಆಮೇಲೆ ಕ್ಷಮೆ ಕೇಳಿ ಅವಳೊಬ್ಬಳದೇ ಇನ್ನೊಂದು ತೆಗೆದ. ತೀರ್ಥಹಳ್ಳಿಯ ವಕೀಲ ಹುಡುಗನಿಗೆ ಕಳಿಸಲು ಕಾಮಾಕ್ಷಮ್ಮ ಆರಿಸಿದ್ದು ಆ ಎರಡನೆಯದನ್ನೇ. ಆದರೆ ಕವರು ಅಂಟಿಸಿದವಳು ವಾಗ್ದೇವಿ ನೋಡಿ! ಒಳಗೆ ಹೋದದ್ದು ಮೊದಲನೆಯದು.

ಉತ್ತರ ಬರುವುದು ತಡವಾಯಿತು. ಅಷ್ಟರಲ್ಲಿ ಪ್ರತಿ ಭಾನುವಾರ ವಾಗ್ದೇವಿಗೆ ಸ್ಟುಡಿಯೋದಲ್ಲಿ ಏನಾದರೊಂದು ಕೆಲಸ. ಒಮ್ಮೆ ಇನ್ನೊಂದು ಪ್ರತಿ ಬೇಕು, ಒಮ್ಮೆ ಫ್ರೇಮು ಬೇಕು, ಒಮ್ಮೆ ಫ್ರೇಮಿನ ಬಣ್ಣ ಸರಿಯಿಲ್ಲ. ಗಣೇಶಮೂರ್ತಿ ಫ್ರೇಮುಗಳನ್ನು ಒಂದೊಂದಾಗಿ ತೋರಿಸುವನು. ಅವಳು ಫ್ರೇಮು ಹಿಡಿದ ಬೆರಳುಗಳನ್ನು ನೋಡುವಳು. ಅವನು ತಲೆ ಎತ್ತಿದಾಗ ಅವಳ ಕಣ್ಣು ಗೋಡೆ ಸೇರುವುದು. ಅವನಿಗೂ ಗೊತ್ತು, ಅವಳಿಗೂ ಗೊತ್ತು, ಒಳಗಿಂದ ಇಣುಕುವ ಅನ್ನಪೂರ್ಣೇಶ್ವರಿಗೆ ಎಲ್ಲರಿಗಿಂತ ಮೊದಲು ಗೊತ್ತು.

ಕೊನೆಗೂ ತೀರ್ಥಹಳ್ಳಿಯಿಂದ ಮಾತು ಬಂತು. ಹುಡುಗಿ ಲಕ್ಷಣವಾಗಿದ್ದಾಳೆ, ಆದರೆ ತಂಗಿ ಹಾಗಿದ್ದಾಳಲ್ಲ, ಆ ರಕ್ತ ನಮ್ಮ ಮನೆಗೆ ಬೇಡ.

ವಾಗ್ದೇವಿಗೆ ತಂಗಿಯೇ ಇಲ್ಲ! ಫೋಟೋ ಅದಲುಬದಲಾದದ್ದು ಸ್ಟುಡಿಯೋದವರಿಂದಲೇ ಎಂದು ಕಾಮಾಕ್ಷಮ್ಮ ಉರಿದುಬಿದ್ದು ಅಲ್ಲಿಗೆ ಹೋಗಿ ಬಾಯಿಗೆ ಬಂದಂತೆ ಬೈದರು. ಗಣೇಶಮೂರ್ತಿ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು ಇಷ್ಟೇ ಹೇಳಿದ: "ನಾಳೆ ಮೊದಲ ಬಸ್ಸಿಗೆ ನಾನೇ ಹೋಗಿ ನಿಜ ಹೇಳಿ ಬರ್ತೀನಮ್ಮ. ಸಂಬಂಧ ತಪ್ಪೋದು ಬೇಡ."

ಮರುದಿನ ಸೋಮವಾರ, ಅದೇ ಮೊದಲ ಬಸ್ಸಿನಲ್ಲಿ ವಾಗ್ದೇವಿಯೂ ಸ್ಕೂಲಿಗೆ ಹೊರಟಿದ್ದಳು. ಸಾಗರದಿಂದ ಹೊಸನಗರದವರೆಗೆ ಅವಳು ಅವನ ಕತ್ತಿನ ಹಿಂಭಾಗವನ್ನು ನೋಡುತ್ತಾ ಕೂತಳು. ಇವನು ಹೋಗಿ ನಿಜ ಹೇಳಿದರೆ ಅವರು ಒಪ್ಪಿಬಿಡುತ್ತಾರೆ, ತನ್ನ ಬಾಳು ಯಾರದೋ ಮನೆಯಲ್ಲಿ ಮುಗಿಯುತ್ತದೆ. ಛೇ, ಅದಾಗಕೂಡದು.

ಹೊಸನಗರದಲ್ಲಿ ಬಸ್ಸು ಕಾಫಿಗೆ ನಿಂತಿತು. ಹೋಟೆಲಿನಲ್ಲಿ ಅವಳು ಅವನೆದುರಿಗೇ ಹೋಗಿ ಕೂತಳು.

"ತೀರ್ಥಹಳ್ಳೀಲಿ ಎಂತ ಹೇಳ್ತೀರಿ?"

"ಆ ಹುಡುಗಿ ನನ್ನ ತಂಗಿ, ನಿಮ್ಮ ತಂಗಿ ಅಲ್ಲ ಅಂತ."

"ಆಮೇಲೆ ನನ್ನ ಮದುವೆ ಫೋಟೋನೂ ನೀವೇ ತೆಗೀತೀರಾ?"

ಅವನು ಕಾಫಿ ಲೋಟ ಕೆಳಗಿಟ್ಟ. ಕುಡಿದಿರಲಿಲ್ಲ.

"ನೋಡಿ, ಆ ಫೋಟೋ ನಾನು ಬೇಕೂಂತಲೇ ಕಳ್ಸಿದ್ದು. ಅದರಲ್ಲಿ ನಾನು ನಾನಾಗಿದ್ದೆ. ಅನ್ನಪೂರ್ಣಿನ ಕಂಡು ಬೇಡ ಅನ್ನೋ ಮನೆ ನಂಗೂ ಬೇಡ. ನಂಗೆ ಬೇಕಾದ ಮನೆ ನಿಮ್ಮ ಸ್ಟುಡಿಯೋ ಹಿಂದಿದೆ." ಹೇಳುವಾಗ ಅವಳ ಕಣ್ಣು ಕದಲಲಿಲ್ಲ.

"ಭಾನುವಾರ ಬಂತು ಅಂದ್ರೆ ನಾನು ಬೆಳಗ್ಗಿಂದ ಬಾಗಿಲಲ್ಲೇ ಇರ್ತೀನಿ," ಎಂದ ಅವನು. "ಆದರೂ ಆಗೋದಿಲ್ಲ ಟೀಚರೇ. ಅನ್ನಪೂರ್ಣಿ ಹೊಟ್ಟೇಲಿದ್ದಾಗ ಗ್ರಹಣ ಬಂತಂತೆ. ಕರು ಹಗ್ಗ ಸುತ್ಕೊಂಡು ಒದ್ದಾಡ್ತಿತ್ತು, ಬಿಡಿಸೋಕೆ ಅಂತ ಅಮ್ಮ ಅಂಗಳಕ್ಕೆ ಇಳಿದ್ರು. ಅದರ ದೋಷ ಅಂತಾರೆ. ನಿನ್ನ ಮಗುವಿಗೂ ತಟ್ಟುತ್ತೆ, ಮದುವೆಯಾಗಿ ಕಂಡೋರ ಮನೆ ಹುಡುಗಿ ಬಾಳು ಹಾಳು ಮಾಡ್ಬೇಡ ಅಂತ ಅಮ್ಮ ನನ್ನ ಕೈಲಿ ಆಣೆ ಹಾಕಿಸಿದಾರೆ."

"ಆಗ ಅವರಿಗೆ ವಯಸ್ಸೆಷ್ಟು?"

"ನಲವತ್ತೆರಡೋ ಮೂರೋ. ಯಾಕೆ?"

ವಾಗ್ದೇವಿಯೊಳಗಿನ ಟೀಚರು ಎದ್ದು ನಿಂತಳು. "ಮನೆ ಪಾಲಾಗೋದು ನೋಡಿದೀರಲ್ಲ? ಜೋಡಿದೀಪ ಇದ್ರೆ ಅಣ್ಣನಿಗೊಂದು, ತಮ್ಮನಿಗೊಂದು. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಕ್ರೋಮೋಸೋಮ್ ಅಂತ ಸಣ್ಣ ಎಳೆಗಳಿರ್ತವೆ, ಇಪ್ಪತ್ತಮೂರು ಜೊತೆ. ತಾಯಿಯ ಅಂಡ ತಯಾರಾಗೋವಾಗ ಅವೂ ಹಾಗೇ ಪಾಲಾಗ್ತವೆ, ಪ್ರತಿ ಜೊತೆಯಿಂದ ಒಂದೊಂದೇ. ತಂದೆ ಕಡೆಯಿಂದಲೂ ಒಂದೊಂದು ಬಂದು ಮಗೂಲಿ ಮತ್ತೆ ಜೊತೆ ಆಗುತ್ತೆ. ಆದ್ರೆ ಒಮ್ಮೊಮ್ಮೆ ಒಂದು ಜೊತೆ ಬೇರೆಯಾಗೋದೇ ಇಲ್ಲ, ಎರಡೂ ಒಂದೇ ಪಾಲಿಗೆ ಹೋಗ್ತವೆ. ಆಗ ಮಗೂಗೆ ಎರಡಿರಬೇಕಾದಲ್ಲಿ ಮೂರು. ಅನ್ನಪೂರ್ಣಿಯಂಥವರಲ್ಲಿ ಹೀಗೆ ಒಂದು ಹೆಚ್ಚಿರೋದನ್ನ ಡಾಕ್ಟರುಗಳು ಈಚೆಗಷ್ಟೇ ಕಂಡುಹಿಡಿದ್ರು. ಮೈಸೂರಲ್ಲಿ ನಮ್ಮ ಮೇಷ್ಟ್ರು ಹೇಳಿದ್ರು."

"ಅಂದ್ರೆ ಯಾರ ತಪ್ಪು?"

"ಯಾರದ್ದೂ ಅಲ್ಲ ಮಾರಾಯ್ರೇ! ಯಾವ ತಾಯಿಗೂ ಆಗಬಹುದು. ವಯಸ್ಸು ಏರಿದ ಹಾಗೆ ಹೆಚ್ಚು, ಅಷ್ಟೇ."

"ಹಾಗಾದ್ರೆ ನಂಗೆ ಅಂಥ ಮಗು ಆಗೋದಿಲ್ಲ ಅಂತ ಗ್ಯಾರಂಟಿ ಇದ್ಯಾ?"

ಹೂಂ ಎಂದಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆದರೆ ಈ ಮನುಷ್ಯನಿಗೆ ಸುಳ್ಳು ಹೇಳಲು ಅವಳಿಗೆ ಮನಸ್ಸು ಬರಲಿಲ್ಲ.

"ಗ್ಯಾರಂಟಿ ಇಲ್ಲ. ಅಪರೂಪಕ್ಕೆ ವಂಶದಲ್ಲಿ ಬರೋದೂ ಉಂಟು. ದೊಡ್ಡ ಆಸ್ಪತ್ರೇಲಿ ನೋಡಿ ಹೇಳೋರಿದ್ರೆ ಹೋಗಿ ಕೇಳೋಣ. ಹಾಗೊಂದು ವೇಳೆ ಅಂಥ ಮಗು ಹುಟ್ಟಿದ್ರೆ ಮುದ್ದು ಮಾಡಿ ಸಾಕ್ತೀನಿ. ಪರದೆ ಹಿಂದೆ ಮಾತ್ರ ಕೂರಿಸೋದಿಲ್ಲ."

ಹೊರಗೆ ಹಾರನ್ ಕೂಗಿತು. "ತೀರ್ಥಹಳ್ಳಿ, ತೀರ್ಥಹಳ್ಳಿ! ಫೋಟೋದೋರೇ, ಬರ್ತೀರಾ ಇಲ್ವಾ?" ಎಂದು ಕಂಡಕ್ಟರ್ ಮಾಸ್ತಪ್ಪ ಕೂಗಿದ.

ಗಣೇಶಮೂರ್ತಿ ಅವಳನ್ನೇ ನೋಡುತ್ತಿದ್ದ. ಕಪ್ಪು ಬಟ್ಟೆಯಿಲ್ಲದೆ, ಮರೆಯಿಲ್ಲದೆ, ಕಣ್ತುಂಬ. "ನನ್ನ ಚೀಲ ಇಳಿಸಿಬಿಡು ಮಾಸ್ತಪ್ಪ," ಎಂದ. ಆಮೇಲೆ ಮೆಲ್ಲಗೆ, "ಆಣೆ ಅಮ್ಮನೇ ಬಿಡಿಸ್ಬೇಕು. ಅವರ ಹತ್ರ ನೀವೇ ಹೇಳ್ತೀರಾ?"

"ಹೇಳ್ದೆ ಇರ್ತೀನಾ? ಇವತ್ತೇ ಹೇಳ್ತೀನಿ," ಎಂದು ಅವಳು ಸ್ಕೂಲಿಗೆ ಹೋಗಿ ರಜೆ ಹಾಕಿ ಬಂದಳು.

ಸಾಗರದಲ್ಲಿ ಶಾಂತಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಪಾಲಿನ ಕತೆಯನ್ನೆಲ್ಲ ಕೇಳಿದರು, ತಲೆ ಮಾತ್ರ ಎತ್ತಲಿಲ್ಲ.

"ಇದೆಲ್ಲ ಓದಿದೋರ ಮಾತು ಕಣಮ್ಮ. ನಾನು ಅಂಗಳಕ್ಕೆ ಇಳಿದಿದ್ದು ಸುಳ್ಳಾಗುತ್ತಾ?"

"ಇಲ್ಲಮ್ಮ. ಆಗ ನಿಮಗೆಷ್ಟು ತಿಂಗಳು?"

"ಐದು ತುಂಬಿತ್ತು."

"ಅಂಡದಲ್ಲಿ ಪಾಲು ತಪ್ಪಿದ್ದು ನೀವು ಬಸುರಿಯಾಗೋಕೂ ಮುಂಚೆ. ಗ್ರಹಣದ ಹೊತ್ತಿಗೆ ಅನ್ನಪೂರ್ಣಿ ಆಗಲೇ ಅನ್ನಪೂರ್ಣಿ ಆಗಿದ್ಲು. ನೀವು ಕೋಣೆ ಬಾಗಿಲು ಹಾಕ್ಕೊಂಡು ಕೂತಿದ್ರೂ ಅವಳು ಹೀಗೇ ಹುಟ್ತಿದ್ಲು."

ಅಕ್ಕಿಯಲ್ಲಿದ್ದ ಕೈ ನಿಂತಿತು.

"ಒಳಗೇ ಇದ್ದಿದ್ರೂ?"

"ಒಳಗೇ ಇದ್ದಿದ್ರೂ ಅಮ್ಮ."

"ಕರು ಬಿಡಿಸೋಕೆ ಹೋಗದೇ ಇದ್ದಿದ್ರೂ?"

"ಹೋಗದೇ ಇದ್ದಿದ್ರೂ."

ಶಾಂತಮ್ಮ ಮೊರ ಪಕ್ಕಕ್ಕಿಟ್ಟರು. "ಇವರಪ್ಪ ಸಾಯೋವರೆಗೂ ನನ್ನ ಹತ್ರ ನೆಟ್ಟಗೆ ಮಾತಾಡ್ಲಿಲ್ಲ ಮಾರಾಯ್ತಿ. ನಾನೂ ನನ್ನದೇ ತಪ್ಪು ಅಂದ್ಕೊಂಡು ಸುಮ್ಮನಿದ್ದೆ," ಎಂದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಗಣೇಶಮೂರ್ತಿ ಕಣ್ಣೊರೆಸಿಕೊಂಡು ಗೋಡೆಯ ಕಡೆ ತಿರುಗಿದ. ವಾಗ್ದೇವಿ ಅವರ ಬೆನ್ನು ಸವರುತ್ತಾ ಕೂತಳು.

ಬಹಳ ಹೊತ್ತಾದ ಮೇಲೆ ಶಾಂತಮ್ಮ ಎದ್ದು ಮುಖ ತೊಳೆದು ಬಂದರು. "ಎಂತ ಮಿಕಮಿಕ ನೋಡ್ತಾ ನಿಂತಿದ್ದೀಯೋ? ಆಣೆಯೂ ಇಲ್ಲ, ಎಂತದೂ ಇಲ್ಲ. ಅಂಗಿ ಬದಲಾಯಿಸು, ಕಾಮಾಕ್ಷಮ್ಮನ ಮನೆಗೆ ಹೆಣ್ಣು ಕೇಳೋಕೆ ಹೋಗೋಣ," ಎಂದು ಮಗನಿಗೆ ಹೇಳಿ ವಾಗ್ದೇವಿಯ ಕಡೆ ತಿರುಗಿದರು.

"ನೀನು ಅನ್ನಪೂರ್ಣಿಗೆ ತಲೆ ಬಾಚಿ ಹೂ ಮುಡಿಸು. ಅವಳೂ ಬರ್ತಾಳೆ. ನಮ್ಮ ಜೊತೆ, ಬೀದೀಲಿ ನಡ್ಕೊಂಡೇ ಬರ್ಲಿ."