ಮೂರನೇ ನೊಣ

“ಎಲ್ಲೋಯ್ತು ನನ್ ನೊಣ?”

ಅಕ್ಷಿತಾ ಕೇಳಿದ್ದು ಯಾರನ್ನೂ ಅಲ್ಲ. ಲೋಕಪಾವನಿ ಹೊಳೆಯ ದಡದಲ್ಲಿ ನಿಂತು, ದಾರದ ಖಾಲಿ ತುದಿಯನ್ನೇ ನೋಡುತ್ತಿದ್ದಳು. ಉತ್ತರ ಬಂದದ್ದು ಬೆನ್ನ ಹಿಂದಿನಿಂದ.

“ನಿನ್ ಕಾಟ ತಡೀನಾರ್ದೆ ಓಡೋಯ್ತು ಕಣಮ್ಮಿ!” ದೊಡ್ಡಪ್ಪನ ಮಗ ಸಂತೋಷ್ ಹೊಟ್ಟೆ ಹಿಡಿದುಕೊಂಡು ನಕ್ಕ.

ಅದು ನಿಜವಾದ ನೊಣವಲ್ಲ. ಪುಟ್ಟ ಗಾಳಕ್ಕೆ ಕೋಳಿಗರಿ ಸುತ್ತಿ ಮಾಡಿದ ಸುಳ್ಳು ನೊಣ. ರೆಸಾರ್ಟಿನಲ್ಲಿ ಕೆಲಸ ಮಾಡುವ ಕುಮಾರ್ ಮಾವ ಬಳುಕುವ ಕೋಲೊಂದರ ಜೊತೆ ಅಂಥವು ಮೂರು ಕೊಟ್ಟಿದ್ದ. “ಎರೆಹುಳ ಬ್ಯಾಡ. ಇದು ನೀರ್ ಮ್ಯಾಲೆ ಮೆತ್ತಗೆ ಕೂತ್ರೆ ಸಾಕು, ಮೀನೇ ನಂಬ್ಕೊಂಡು ಬತ್ತದೆ” ಎಂದಿದ್ದ. ಬೆಳಿಗ್ಗೆಯಿಂದ ಎರಡು ಕಿತ್ತುಹೋದವು. ಡಬ್ಬಿಯಲ್ಲಿ ಉಳಿದದ್ದು ಒಂದೇ.

“ನೀನೇ ಅಲ್ವಾ ಸಂತೋಷಣ್ಣ, ಬಾರುಕೋಲು ಬೀಸ್ದಂಗೆ ಬೀಸು ಅಂದಿದ್ದು?”

ಕಬ್ಬಿನ ಗಾಡಿ ಹೊಡೆಯುವ ಸಂತೋಷನ ಬಾರುಕೋಲಿಗೆ ಕಿರಂಗೂರಿನಲ್ಲೆಲ್ಲ ಹೆಸರಿತ್ತು.

“ಅಂದೆ. ಬೀಸಾಕೆ ಕೈಲಿ ಜೋರಿರ್ಬೇಕಲ್ಲ? ಸೊಳ್ಳೆ ಓಡ್ಸಾಕೆ ಬರಾಕಿಲ್ಲ, ಮೀನ್ ಇಡೀತಾಳಂತೆ! ಮೂರನೇದೂ ಕಿತ್ತೋದ್ರೆ ಕೋಲು ನಂದು. ಅದ್ರ ಮ್ಯಾಲೆ ಚಡ್ಡಿ ಒಣಗಾಕ್ತೀನಿ.”

“ಆಯ್ತು!” ಸಿಟ್ಟಿನಲ್ಲಿ ಅಂದುಬಿಟ್ಟಳು. ಅಂದ ಮೇಲೆ ಡಬ್ಬಿಯಲ್ಲಿ ಉಳಿದ ಒಂದೇ ನೊಣ ನೆನಪಾಯಿತು.

ಹೊಂಗೆಮರದ ಕೆಳಗೆ ಜವರಯ್ಯ ತಾತ ಶನಿವಾರದ ಭಜನೆಯ ಪದವನ್ನು ಗುನುಗುತ್ತ ಕಂಚಿನ ತಾಳ ತಟ್ಟುತ್ತಿದ್ದ. ಠಣ್... ಠಣ್... ಅಕ್ಷಿತಾ ಪಕ್ಕದಲ್ಲಿ ಕೂತು, ತಾಳವನ್ನು ಕಸಿದು ಸಿಟ್ಟೆಲ್ಲ ಸೇರಿಸಿ ಬಡಿದಳು. ಟಕ್ ಟಕ್ ಟಕ್.

“ಅದ್ರ ಕತ್ತು ಇಸುಕ್ಬ್ಯಾಡ ಮಗಾ,” ಎಂದ ತಾತ. “ಒಂದ್ಸಲ ತಾಕ್ಸಿ ಬುಡು. ಅದು ಪೂರ್ತಿ ಆಡ್ಕಳ್ಲಿ. ಆಮ್ಯಾಕೆ ಇನ್ನೊಂದು.”

ಅವಳು ಬಿಟ್ಟಳು. ಠಣ್ ಎಂದದ್ದು ನೀರಿನ ಮೇಲೆ ದೂರ ಹೋಯಿತು. ಅಕ್ಷಿತಾಳ ಕಣ್ಣು ಕೋಲಿನ ಕಡೆ ತಿರುಗಿತು. ಹಿಂದಕ್ಕೆ ಹೋದ ದಾರವನ್ನು ತಾನೂ ಪೂರ್ತಿ ಹೋಗಲು ಬಿಟ್ಟೇ ಇರಲಿಲ್ಲ, ಅದಕ್ಕೇ ನೊಣ ಕಿತ್ತುಹೋಗಿದ್ದು!

ಮೂರನೇ ನೊಣವನ್ನು ಕಟ್ಟಿದಳು. ಕೋಲನ್ನು ಹಿಂದಕ್ಕೆತ್ತಿ ನಿಲ್ಲಿಸಿ, ಮನಸ್ಸಿನಲ್ಲೇ ಠಣ್ ಅಂದುಕೊಂಡು ಕಾದಳು.

“ದೇವ್ರಿಗೆ ಚಾಮರ ಬೀಸ್ತಾವ್ಳೆ ನೋಡು ತಾತ!” ಎಂದ ಸಂತೋಷ್.

ಬೆನ್ನ ಹಿಂದೆ ದಾರ ನೀಳವಾಗಿ ಚಾಚಿ ಕೋಲನ್ನು ಮೆಲ್ಲಗೆ ಜಗ್ಗಿತು. ಆಗ ಮುಂದಕ್ಕೆ ತಂದಳು. ನೊಣ ಹಾರಿಹೋಗಿ ನೀರಿನ ಮೇಲೆ ಹೂವಿನಂತೆ ಕೂತಿತು. ಎರಡೇ ಕ್ಷಣ. ಬುಳುಕ್!

ಬೆರಳುದ್ದದ ಗೆಂಡೆಮೀನು ಬಿಸಿಲಿಗೆ ಮಿನುಗಿತು.

“ಥೂ! ನಮ್ ಕೊಟ್ಗೆ ಗೋಡೆ ಹಲ್ಲಿ ಇದ್ಕಿಂತ ದಪ್ಪ ಅದೆ.” ಸಂತೋಷ್ ಮೂಗು ಮುರಿದ. ಕಣ್ಣು ಮಾತ್ರ ಕೋಲನ್ನು ಬಿಡಲಿಲ್ಲ.

ಅವಳು ಮೀನನ್ನು ಬಿಡಿಸಿ ನೀರಿಗೆ ಬಿಡುವಷ್ಟರಲ್ಲಿ ಅವನು ಹತ್ತಿರ ಬಂದಿದ್ದ.

“ಕೊಡಿಲ್ಲಿ ಅಕ್ಷಿ, ಒಂದೇ ಸಲ. ಎಂಗ್ ಬೀಸ್ಬೇಕು ಅಂತ ನಾ ತೋರುಸ್ತೀನಿ.”

ಅವನ ಮುಷ್ಟಿ ಆಗಲೇ ಬಿಗಿದಿತ್ತು. ಭುಜ ಮೇಲೆದ್ದಿತ್ತು. ಬೆಳಿಗ್ಗೆ ತಾನು ನಿಂತದ್ದೂ ಹೀಗೇ. ಬೇಕೆಂದೇ ತಪ್ಪು ಹೇಳಿಕೊಟ್ಟಿರಲಿಲ್ಲ ಅವನು. ಅವನಿಗೆ ಗೊತ್ತಿದ್ದದ್ದು ಅದೊಂದೇ ಬೀಸು. ಅಕ್ಷಿತಾಳ ಸಿಟ್ಟು ಮೆಲ್ಲಗೆ ಇಳಿಯಿತು.

ಕೋಲನ್ನು ಮಾತ್ರ ಎದೆಗವಚಿಕೊಂಡಳು.

“ಊಹೂಂ. ಕೊಡಾಕಿಲ್ಲ.”