ಕತ್ತರಿ ಚೆನ್ನಾಜಿಯ ಗಿಣಿ

ಬಹಳ ಹಿಂದೆ, ಹುಣಸೆಹಣ್ಣು ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ, ಕೆಂಬೊಳಲು ಅಂತ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ಗಿಣಿ ಇಲ್ಲದ ಮನೆ ಇರಲಿಲ್ಲ. ಹಾರಬಲ್ಲ ಗಿಣಿ ಇದ್ದ ಮನೆಯೂ ಇರಲಿಲ್ಲ. ಗಿಣಿ ತಂದರೆ ಮೊದಲು ಹೆಸರಿಡುವುದು, ಆಮೇಲೆ ಗರಿ ಕತ್ತರಿಸುವುದು. ಮಗುವಿಗೆ ಕಿವಿ ಚುಚ್ಚಿಸುವ ಹಾಗೆ ಅದೂ ಒಂದು ಶಾಸ್ತ್ರ. ಯಾಕೆ ಅಂತ ಕೇಳಿದವರಿಲ್ಲ.

ಆ ಕೆಲಸ ಮಾಡುತ್ತಿದ್ದವಳು ಚೆನ್ನಾಜಿ. ಇಪ್ಪತ್ತು ವರ್ಷದ ಹುಡುಗಿ. ಅವಳ ತಾಯಿಯೂ ಅದೇ ಕೆಲಸ ಮಾಡಿದವಳು. ಸೊಂಟಕ್ಕೆ ಕತ್ತರಿ ಸಿಕ್ಕಿಸಿಕೊಂಡು ಚೆನ್ನಾಜಿ ಬೀದಿಗಿಳಿದರೆ, ಗಿಣಿಗಳೆಲ್ಲ "ಬಂದ್ಲು, ಬಂದ್ಲು" ಅಂತ ಪಂಜರದ ಮೂಲೆ ಸೇರುತ್ತಿದ್ದವು. ಅವಳ ಕೈ ಮಾತ್ರ ಬಲು ಹಗುರ. ಒಂದೊಂದು ರೆಕ್ಕೆಯಲ್ಲಿ ಐದೈದು ಗರಿ ತೆಗೆಯುತ್ತಿದ್ದಳು. ಮಡಿಸಿದಾಗ ಅಂದ ಕೆಡದಿರಲಿ ಅಂತ ತುದಿಯ ಎರಡನ್ನು ಬಿಡುತ್ತಿದ್ದಳು. ಬುಡದಲ್ಲಿ ನೆತ್ತರು ತುಂಬಿದ ಎಳೆಗರಿಗೆ ಕತ್ತರಿ ತಾಗಿಸುತ್ತಿರಲಿಲ್ಲ.

ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳು ಬಿಟ್ಟುಹೋದದ್ದು ಒಂದು ಗುಡಿಸಲು, ಆ ಕತ್ತರಿ, ಮತ್ತೆ ಮೆಣಸಣ್ಣ ಅನ್ನುವ ಗಿಣಿ. ಹಸಿಮೆಣಸಿನಕಾಯಿ ಕಂಡರೆ ಮೈಮರೆಯುತ್ತಿದ್ದುದಕ್ಕೆ ಅದಕ್ಕೆ ಆ ಹೆಸರು. ಗಂಡುಗಿಣಿಯಾದರೂ ಅದು ಮಾತಾಡುತ್ತಿದ್ದದ್ದು ಆ ತಾಯಿಯ ದನಿಯಲ್ಲಿ. "ಏಳೇ ಚೆನ್ನಾ, ಬಿಸಿಲು ಬಾಗಿಲಿಗೆ ಬಂತು" ಅಂತ ಅದು ಬೆಳಗ್ಗೆ ಕೂಗಿದರೆ, ಕಣ್ಣು ಬಿಡುವ ಮುಂಚಿನ ಒಂದು ಗಳಿಗೆ ತಾಯಿ ಬದುಕಿರುತ್ತಿದ್ದಳು. ಆ ಒಂದು ಗಳಿಗೆಗಾಗಿ ಚೆನ್ನಾಜಿ ಗಿಣಿಯನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಆ ವರ್ಷ ಚೆನ್ನಾಜಿ ಚಳಿಜ್ವರ ಬಂದು ಮೂರು ತಿಂಗಳು ಮಲಗಿದಳು. ಎದ್ದು ನೋಡಿದರೆ ಗಿಣಿಗಳಿಗೆಲ್ಲ ಗರಿ ಬೆಳೆದಿದೆ. ಮನೆಮನೆ ತಿರುಗಿ ಹತ್ತು ದಿನದಲ್ಲಿ ಎಲ್ಲವನ್ನೂ ಮುಗಿಸಿದಳು. ಹನ್ನೊಂದನೆಯ ದಿನ ತನ್ನ ಗಿಣಿಯನ್ನು ಮಡಿಲಿಗೆ ಹಾಕಿಕೊಂಡು ಕತ್ತರಿ ತೆಗೆಯುವ ಹೊತ್ತಿಗೆ ಅರಮನೆಯ ಡಂಗುರ ಬೀದಿಗೆ ಬಂತು.

"ಕೇಳ್ರಪ್ಪೋ ಕೇಳ್ರಿ. ಹಾರೋ ಗಿಣಿ ಯಾರ ಮನೇಲಿದ್ರೂ ಅರಮನೆಗೆ ತರಬೇಕು. ರಾಜಕುಮಾರಿಯ ದನಿ ಕಳುವಾಗಿದೆ."

ಆದದ್ದು ಇಷ್ಟು. ಕಾಡಿಗೆರಾಯ ಅಂತ ಒಬ್ಬ ಮಾಟಗಾರ. ಅವನಿಗೆ ಸ್ವಂತ ದನಿ ಇಲ್ಲ. ಇವತ್ತು ಗೌಡನ ದನಿ, ನಾಳೆ ಬಳೆಗಾರನ ದನಿ, ಹೀಗೆ ಕದ್ದ ದನಿಯಲ್ಲೇ ಅವನ ಬಾಳು. ರಾಜನ ಮಗಳು ಹೊನ್ನಲಾದೇವಿಗೆ ಏಳು ವರ್ಷ. ಬಾಯಿ ಮುಚ್ಚಿದರೆ ಮೂಗಲ್ಲಿ ಮಾತಾಡುವಂಥ ಮಗು. ಕಾಡಿಗೆರಾಯ ಮುದುಕಿಯ ವೇಷ ಹಾಕಿ ಅರಮನೆಗೆ ಬಂದು, "ಎಷ್ಟು ಚೆಂದ ಮಾತಾಡ್ತೀಯೇ ಕಂದ, ದೃಷ್ಟಿಯಾದೀತು" ಅಂತ ಮಗುವಿನ ಗಲ್ಲಕ್ಕೆ ಒಂದು ಕಾಡಿಗೆಯ ಬೊಟ್ಟಿಟ್ಟ. ದೃಷ್ಟಿಬೊಟ್ಟು ಬೇಡ ಅನ್ನುವ ತಾಯಿ ಉಂಟೆ? ರಾಣಿ ಕೈಮುಗಿದಳು. ಬೊಟ್ಟು ಆರುವ ಹೊತ್ತಿಗೆ ಮಗುವಿನ ನಗು ಹೋಯಿತು, ಅಳು ಹೋಯಿತು, ಮಾತು ಹೋಯಿತು.

ಹೋಗುವಾಗ ಅವನು ಮಗುವಿನ ದನಿಯಲ್ಲೇ ರಾಜನನ್ನು ಕೆಣಕಿಹೋದ. "ನಗು ಕನ್ನಡಿಬಂಡೆಯ ಮೇಲಿದೆ. ಅಳು ಉಪ್ಪುಕೊಳದಲ್ಲಿದೆ. ಮಾತು ನನ್ನ ಆಲದ ಮರದಲ್ಲಿದೆ. ಅಮಾವಾಸ್ಯೆಯೊಳಗೆ ತರಿಸಿಕೋ, ಆಮೇಲೆ ಅವು ನನ್ನವೇ. ಮನುಷ್ಯರ ದನಿ ಹೊರೋದು ಗಿಣಿಯ ಗಂಟಲು ಒಂದೇ. ನಿನ್ನ ರಾಜ್ಯದ ತುಂಬ ಗಿಣಿ ಇದಾವಲ್ಲ, ಕಳಿಸು. ನಡ್ಕೊಂಡು ಹೋಗಲಿ."

ಡಂಗುರ ಕೇಳಿ ಚೆನ್ನಾಜಿ ಕತ್ತರಿ ಹಿಡಿದು ಹಾಗೇ ಕುಳಿತಳು. ಪಕ್ಕದ ಮನೆಯ ಸಿದ್ದಕ್ಕ ಬೇಲಿಯ ಮೇಲಿಂದ ತಲೆ ಹಾಕಿದಳು.

"ಏನೇ ನೋಡ್ತಾ ಕೂತಿದೀಯ? ಡಂಗುರದವನು ಬರೋಕೆ ಮುಂಚೆ ಕತ್ತರಿಸಿಬಿಡು. ರೆಕ್ಕೆ ಬಂದ ಗಿಣಿ, ಉಕ್ಕು ಬಂದ ಹಾಲು, ಎರಡೂ ನಿಲ್ಲಲ್ಲ."

"ಇದು ಹೋದ್ರೆ ಅವ್ವನ ದನಿ ಹೋಗ್ತದೆ ಸಿದ್ದಕ್ಕ."

"ಅದಕ್ಕೇ ಹೇಳ್ತಿರೋದು."

"ಆ ಮಗೂಗೂ ಒಬ್ಬಳು ಅವ್ವ ಇದಾಳಲ್ಲ. ಇರೋ ಮಗಳ ದನಿ ಕೇಳದೆ ಅವಳು ಹೆಂಗಿರ್ತಾಳೆ?"

ಚೆನ್ನಾಜಿ ಕತ್ತರಿಯನ್ನು ಗೋಡೆಯ ಗೂಡಿಗೆ ಇಟ್ಟು, ಗಿಣಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಅರಮನೆಗೆ ಹೋದಳು.

ರಾಜ ಸಿಂಹಾಸನದಿಂದ ಇಳಿದೇ ಬಂದ. "ತಾಯಿ, ಇದು ಹೋದರೆ ತಿರುಗಿ ಬರುತ್ತದೆಯೆ?"

"ಗೊತ್ತಿಲ್ಲ ಬುದ್ಧಿ. ಇದುವರೆಗೂ ಹೋಗೋಕೇ ಬಿಟ್ಟಿಲ್ಲ."

ಆ ರಾಜ್ಯದಲ್ಲೊಂದು ಪದ್ಧತಿ. ಹೊರಡುವವರು "ಬರ್ತೀನಿ" ಅನ್ನಬೇಕು, ಉಳಿಯುವವರು "ಹೋಗಿ ಬಾ" ಅನ್ನಬೇಕು. ಬರೀ "ಹೋಗು" ಅಂದರೆ ಬಾಗಿಲು ಹಾಕಿಕೊಂಡ ಹಾಗೆ. ಚೆನ್ನಾಜಿ ಗಿಣಿಯ ನೆತ್ತಿ ಸವರಿ, "ಹೋಗಿ ಬಾ ಮೆಣಸಣ್ಣ" ಅಂದಳು. "ಬರ್ತೀನಿ" ಅಂದು ಗಿಣಿ ಮೊದಲ ಸಲ ಆಕಾಶಕ್ಕೆ ಏರಿತು. ಮೊದಮೊದಲು ಕುಡಿದವನ ಹಾಗೆ ಓಲಾಡಿತು, ಆಮೇಲೆ ನೆಟ್ಟಗಾಯಿತು.

ಕನ್ನಡಿಬಂಡೆಗೆ ಒಂದು ಕಲ್ಲುಹುಲಿ ಕಾವಲು. ಹೆಜ್ಜೆ ಸಪ್ಪಳವಾದರೆ ಎದ್ದು ನುಂಗುತ್ತಿತ್ತು. ಬಂಡೆಯ ತುದಿಯಲ್ಲಿ ಮಗುವಿನ ನಗು ಒಂದು ಗೆಜ್ಜೆಯಾಗಿ ತೂಗುತ್ತಿತ್ತು. ಗಿಣಿ ಕಾಲು ಊರಲೇ ಇಲ್ಲ. ಹಾರುತ್ತ ಹಾರುತ್ತಲೇ ಗೆಜ್ಜೆಯನ್ನು ಕಚ್ಚಿ ಗಂಟಲಿಗೆ ಹಾಕಿಕೊಂಡು ಬಂತು. ಹುಲಿ ಮಗ್ಗುಲು ಕೂಡ ಬದಲಿಸಲಿಲ್ಲ. ಅರಮನೆಗೆ ಬಂದ ಗಿಣಿ ರಾಜನ ಪೇಟದ ಮೇಲೆ ಕೂತು, ಮೊದಲು ಹಿಕ್ಕೆ ಹಾಕಿತು, ಆಮೇಲೆ ನಗು ಕೊಟ್ಟಿತು. ಮಗು ಹೊಟ್ಟೆ ಹಿಡಿದುಕೊಂಡು ಕಿಲಕಿಲ ನಕ್ಕಿತು. ರಾಜ ಪೇಟ ಒರೆಸಿಕೊಳ್ಳಲೂ ಇಲ್ಲ.

ಎರಡನೆಯ ದಿನ ಚೆನ್ನಾಜಿ "ಹೋಗಿ ಬಾ" ಅಂದಳು. ಗಿಣಿ "ಬರ್ತೀನಿ" ಅಂದಿತು. ಉಪ್ಪುಕೊಳದ ಮೊಸಳೆ ಮಗುವಿನ ಅಳುವನ್ನು ನಾಲಗೆಯ ಕೆಳಗಿಟ್ಟುಕೊಂಡು ಬಾಯಿ ಬಿಗಿದು ಮಲಗಿತ್ತು. ಗಿಣಿ ಅದರ ಮೂಗಿನ ಮೇಲೆ ಕೂತು ತಾಯಿಯ ದನಿಯಲ್ಲಿ, "ಬಾಯಿ ತೆಗಿ ಕಂದ, ಇದೊಂದು ತುತ್ತು" ಅಂದಿತು. ಎಂಥ ಮೊಸಳೆಯಾದರೂ ಒಂದು ತಾಯಿಗೆ ಹುಟ್ಟಿದ್ದೇ. ಬಾಯಿ ತೆರೆಯಿತು. ಗಿಣಿ ಅಳುವನ್ನು ಹೆಕ್ಕಿಕೊಂಡು ಹಾರಿ ಬಂತು. ಮಗು ಊರಿಗೆ ಕೇಳುವ ಹಾಗೆ ಅತ್ತಿತು. ಮಗು ಅತ್ತದ್ದಕ್ಕೆ ಸಕ್ಕರೆ ಹಂಚಿದ ಅರಮನೆ ಅದೊಂದೇ ಇರಬೇಕು.

ಮೂರನೆಯ ದಿನ ಹೊರಡುವ ಮುಂಚೆ ಗಿಣಿ ಚೆನ್ನಾಜಿಯ ಕಿವಿಯ ಹತ್ತಿರ ಬಂತು.

"ಚೆನ್ನಾ, ನಗು ಹಗುರ, ಅಳು ನೀರು. ಎರಡೂ ಗಂಟಲ ಸಂದಿಯಲ್ಲಿ ಕೂತು ಬಂದ್ವು. ಮಾತು ಭಾರ ಕಣೇ. ಅದನ್ನ ಹೊರಬೇಕಾದ್ರೆ ಗಂಟಲು ಬರಿದಾಗಬೇಕು. ನಿಮ್ಮವ್ವನ ದನಿ ಅಲ್ಲೇ ಇಳಿಸಿ ಬರಬೇಕಾಗ್ತದೆ."

ಇಷ್ಟನ್ನೂ ಅದು ಅವ್ವನ ದನಿಯಲ್ಲೇ ಹೇಳಿತು. ಬೇಡ ಅನ್ನೋಣವೆಂದರೆ ಮಗು ಚೆನ್ನಾಜಿಯ ಸೆರಗು ಹಿಡಿದು ನಿಂತಿದೆ. ಮುಖ ಆಚೆ ತಿರುಗಿಸಿಕೊಂಡು, "ಹೋಗು" ಅಂದಳು. ಅಷ್ಟೇ ಅಂದಳು.

ಗಿಣಿ ಸ್ವಲ್ಪ ಹೊತ್ತು ಕಾದು ನೋಡಿತು. ಆಮೇಲೆ "ಬರ್ತೀನಿ" ಅನ್ನದೆ ಹಾರಿಹೋಯಿತು.

ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಮೂರು ದಿನ ಕಳೆಯಿತು. ಗಿಣಿ ಇಲ್ಲ. ಅಮಾವಾಸ್ಯೆಗೆ ಇನ್ನೆರಡೇ ದಿನ. ಅರಮನೆಗೆ ಹೂ ಕೊಡುವವಳು ಬುಟ್ಟಿ ಎತ್ತಿಕೊಂಡು "ಬರ್ತೀನಿ ರಾಣಿಯಮ್ಮ" ಅಂದಳು. ರಾಣಿ ಆ ದುಃಖದಲ್ಲೂ "ಹೋಗಿ ಬಾರಮ್ಮ" ಅಂದಳು. ಮೆಟ್ಟಿಲ ಮೇಲೆ ಕೂತಿದ್ದ ಚೆನ್ನಾಜಿ ಅದನ್ನು ಕೇಳಿ ಎದ್ದು ನಿಂತಳು.

"ನಾನು ಬಾ ಅನ್ನಲೇ ಇಲ್ಲ" ಅಂದಳು. ಯಾರಿಗೆ ಹೇಳಿದಳೋ, ಮೆಟ್ಟಿಲಿಗೋ. ಬುತ್ತಿಯನ್ನೂ ಕಟ್ಟಿಕೊಳ್ಳದೆ ಆಲದ ಮರದ ದಾರಿ ಹಿಡಿದಳು.

ಅಮಾವಾಸ್ಯೆಯ ಮಧ್ಯಾಹ್ನ ಮರ ಸಿಕ್ಕಿತು. ಎಲೆಗಿಂತ ಗಿಣಿಯೇ ಹೆಚ್ಚು. ಒಂದೊಂದರ ಗಂಟಲಲ್ಲೂ ಒಂದೊಂದು ಕದ್ದ ದನಿ. ಒಂದು ಬಳೆ ಬಳೆ ಅಂತ ಕೂಗುತ್ತಿದೆ, ಒಂದು ಮಗ್ಗಿ ಹೇಳುತ್ತಿದೆ, ಒಂದು ಯಾರನ್ನೋ ಊಟಕ್ಕೆ ಕರೆಯುತ್ತಿದೆ. ತುದಿಕೊಂಬೆಯಲ್ಲಿ ಮೆಣಸಣ್ಣ ಮಾತಿಲ್ಲದೆ ಕೂತಿದೆ. ಮರದ ಬುಡದಲ್ಲಿ ಕಾಡಿಗೆರಾಯ. ಗಿಣಿ ಇಳಿಸಿದ ದನಿಯನ್ನು ಅವನು ಎತ್ತಿಕೊಂಡಿದ್ದ. ಅವ್ವನ ದನಿಯಲ್ಲಿ ಮಾತಾಡಿದ.

"ಬಂದ್ಯಾ ಚೆನ್ನಾ? ನೀನು ಹೋಗು ಅಂದೆ, ಅದು ಬಂತು. ಬಾ ಅನ್ನಲಿಲ್ಲ, ಉಳೀತು. ತಪ್ಪು ಅದರದ್ದಲ್ಲ. ತಗೋ ಕತ್ತರಿ. ಐದೈದು ಗರಿ ತೆಗೆದು ಮನೆಗೆ ಒಯ್ಯಿ. ಇನ್ನೆಂದೂ ಎಲ್ಲಿಗೂ ಹೋಗಲ್ಲ. ಈ ದನೀನೂ ಕೊಡ್ತೀನಿ, ದಿನಾ ಬೆಳಗ್ಗೆ ಎಬ್ಬಿಸ್ತದೆ. ಆ ಮಗುವಿನ ಮಾತೊಂದು ಇಲ್ಲೇ ಇರಲಿ."

ಅವನ ಮಾಟ ನಡೆಯುತ್ತಿದ್ದದ್ದು ಗರಿ ಕತ್ತರಿಸಿದ ಗಿಣಿಯ ಮೇಲೆ ಮಾತ್ರ. ಮೆಣಸಣ್ಣನೋ ಅವನ ಕೈಗೆ ಸಿಗದು, ಅದಕ್ಕೇ ಅವಳ ಕೈಗೆ ಕತ್ತರಿ ಕೊಟ್ಟದ್ದು. ಚೆನ್ನಾಜಿ ಕತ್ತರಿ ತೆಗೆದುಕೊಂಡಳು. ಅದನ್ನು ಕಂಡು ಗಿಣಿ ಕೊಂಬೆಯಿಂದ ಕೊಂಬೆಗೆ ಇಳಿದು ಬಂದು, ಯಾವಾಗಲೂ ಮಾಡುವ ಹಾಗೆ ಅವಳ ಮಡಿಲಲ್ಲಿ ಕೂತು, ತಾನಾಗಿಯೇ ಬಲರೆಕ್ಕೆ ಬಿಚ್ಚಿತು. ಅಷ್ಟು ವರ್ಷ ಕತ್ತರಿಸಿದ್ದಳಲ್ಲ, ಕಲಿತುಬಿಟ್ಟಿತ್ತು.

ಅದನ್ನು ನೋಡಿ ಚೆನ್ನಾಜಿಯ ಕೈ ನಿಂತಿತು. ಕತ್ತರಿಯನ್ನು ಬೇರಿನ ಮೇಲೆ ಇಟ್ಟಳು. ರೆಕ್ಕೆಯನ್ನು ಮೆಲ್ಲಗೆ ಮಡಿಸಿದಳು.

"ನಾನು ಹೋಗು ಅಂದದ್ದು ತಪ್ಪಾಯ್ತು ಕಣೋ ಮೆಣಸಣ್ಣ. ಈಗ ಹೇಳ್ತೀನಿ, ಹೋಗಿ ಬಾ. ಮೊದಲು ಮಗುವಿನ ಹತ್ರ. ಆಮೇಲೆ ನನ್ನ ಹತ್ರ ಬರಬೇಕು ಅನ್ನಿಸಿದ್ರೆ ಬಾ. ಅನ್ನಿಸದೆ ಇದ್ರೂ ಬಯ್ಯಲ್ಲ."

"ಅವ್ವನ ಮಾತು ಮೀರ್ತೀಯೇನೇ?" ಅಂದ ಕಾಡಿಗೆರಾಯ.

"ದನಿ ಅವ್ವನದು, ಮಾತು ನಿನ್ನದು. ಇನ್ನೊಬ್ಬಳ ಮಗುವಿನ ಬಾಯಿಂದ ಕಿತ್ತು ನನ್ನ ಕೈಗೆ ಕೊಡೋಳಲ್ಲ ನಮ್ಮವ್ವ."

ಗಿಣಿ "ಬರ್ತೀನಿ" ಅಂದಿತು. ಮಗುವಿನ ಮಾತನ್ನು ಗಂಟಲಿಗೆ ತುಂಬಿಕೊಂಡು, ಆ ಮಗುವಿನ ದನಿಯಲ್ಲೇ ಹಾಗಂದು, ಮರದ ನೆತ್ತಿ ದಾಟಿ ಹಾರಿತು. ಮರದ ಗಿಣಿಗಳೆಲ್ಲ ಕತ್ತೆತ್ತಿ ನೋಡಿದವು. ಕಾಡಿಗೆರಾಯ ಅವುಗಳ ಗರಿ ಕತ್ತರಿಸಿದ್ದು ಒಂದೇ ಸಲ. ಗರಿ ಎಂದೋ ಬೆಳೆದಿತ್ತು. ಹಾರಿ ನೋಡಿದ ಗಿಣಿ ಮಾತ್ರ ಒಂದೂ ಇರಲಿಲ್ಲ. ಈಗ ಒಂದು ರೆಕ್ಕೆ ಬಡಿಯಿತು, ಎರಡು ಬಡಿದವು, ಮರಕ್ಕೆ ಮರವೇ ಎದ್ದ ಹಾಗೆ ಎಲ್ಲವೂ ಎದ್ದವು. ಬಳೆಗಾರನ ದನಿ ಬಳೆಗಾರನ ಊರಿಗೆ, ಗೌಡನ ದನಿ ಗೌಡನ ಮನೆಗೆ ಹೋಯಿತು.

ಕಾಡಿಗೆರಾಯ ಕೂಗಲು ಬಾಯಿ ತೆರೆದ. ಅವ್ವನ ದನಿಯೂ ಅವನಿಂದ ಬಿಡಿಸಿಕೊಂಡು ಹೊರಬಂತು. ಅದಕ್ಕೆ ಹೋಗಲು ಮನೆ ಎಲ್ಲಿದೆ? ಚೆನ್ನಾಜಿಯ ಕಿವಿಯ ಹತ್ತಿರ ಒಂದು ಗಳಿಗೆ ನಿಂತು, "ದಾರೀಲಿ ಏನಾದ್ರೂ ತಿಂದ್ಯೇನೇ?" ಅಂತ ಕೇಳಿ ಗಾಳಿಯಲ್ಲಿ ಕರಗಿತು. ದನಿಯಿಲ್ಲದ ಕಾಡಿಗೆರಾಯ ಕುಗ್ಗಿ ಕುಗ್ಗಿ ಒಂದು ಹಿಡಿ ಕಾಡಿಗೆಯಾದ. ಚೆನ್ನಾಜಿ ಅಲ್ಲೇ ಕೂತು ಸಾಕಾಗುವಷ್ಟು ಅತ್ತು, ಎದ್ದು ಊರಿನ ಕಡೆ ನಡೆದಳು.

ಅರಮನೆಯಲ್ಲಿ ಮಗುವಿಗೆ ಮಾತು ಬಂತು. ಮೊದಲ ಮಾತೇ, "ಅಮ್ಮ, ಆ ಅಜ್ಜಿಗೆ ಮೀಸೆ ಇತ್ತು. ಹೇಳೋಕೆ ಬಂದೆ, ನೀನು ಕೈ ಮುಗೀತಾ ಇದ್ದೆ" ಅಂತ. ಆಮೇಲೆ ಏಳು ದಿನ ಅದು ಬಾಯಿ ಮುಚ್ಚಲಿಲ್ಲ. ಯಾರೂ ಮುಚ್ಚು ಅನ್ನಲೂ ಇಲ್ಲ.

ಚೆನ್ನಾಜಿ ಗುಡಿಸಲಿಗೆ ಬಂದಾಗ ಮೆಣಸಣ್ಣ ಸೂರಿನ ಮೇಲೆ ಕೂತಿತ್ತು. ಅವಳನ್ನು ಕಂಡು ಏನೋ ಅಂದಿತು. ಅದರ ಸ್ವಂತ ದನಿ ಅದೇ ಮೊದಲು ಕೇಳಿದ್ದು. ಎಣ್ಣೆ ಕಾಣದ ಬಾಗಿಲಿನ ಹಾಗಿತ್ತು. ಚೆನ್ನಾಜಿ ನಕ್ಕು, ಒಳಗಿಂದ ಹಸಿಮೆಣಸಿನಕಾಯಿ ತಂದಳು.

ರಾಜ ಅವಳನ್ನು ಕರೆಸಿ, "ಇನ್ನು ಯಾರೂ ಗರಿ ಕತ್ತರಿಸಬಾರದು ಅಂತ ಅಪ್ಪಣೆ ಮಾಡಲೆ?" ಅಂದ.

"ಬೇಡಿ ಬುದ್ಧಿ. ಅಪ್ಪಣೆಗೆ ಹೆದರಿ ಬಿಟ್ಟೋರು ಕದ್ದು ಕತ್ತರಿಸ್ತಾರೆ. ನಾನೇ ಮನೆಮನೆಗೆ ಹೋಗಿ ಹೇಳ್ತೀನಿ."

ಹಾಗೇ ಮಾಡಿದಳು. ಒಲೆ ಉರಿಯುವಾಗ ಪಂಜರದಲ್ಲಿರಲಿ, ಬೆಕ್ಕು ಆಚೆಯಿರಲಿ, ಉಳಿದ ಹೊತ್ತು ಬಾಗಿಲು ತೆರೆದು ಹೋಗಿ ಬಾ ಅನ್ನಿ ಅಂತ ಕಲಿಸಿದಳು. ಅರಮನೆಯಿಂದ ಅವಳಿಗೆ ಗಿಣಿಗಳ ವೈದ್ಯಿಕೆಯ ಕೆಲಸ ಸಿಕ್ಕಿತು. ಗರಿಯೆಲ್ಲ ಬೆಳೆದ ಮೇಲೆ ಒಂದು ಬೆಳಗ್ಗೆ ಕೆಂಬೊಳಲಿನ ಗಿಣಿಗಳು ಹಾರಿದವು. ಸಂಜೆ ಜನವೆಲ್ಲ ಅಂಗಳಕ್ಕೆ ಬಂದು ಕತ್ತೆತ್ತಿ ನಿಂತರು. ಬಂದವು ಬಹಳ. ಬಾರದವೂ ಇದ್ದವು. ಸಿದ್ದಕ್ಕನ ಗಿಣಿ ಕತ್ತಲಾದರೂ ಬರಲಿಲ್ಲ.

"ನಂದು ಯಾಕೆ ಬರಲಿಲ್ವೇ ಚೆನ್ನಾಜಿ?" ಅಂತ ಅವಳು ಬೇಲಿಯ ಹತ್ತಿರ ಬಂದಳು. "ಹತ್ತು ವರ್ಷ ಸಾಕಿದ್ದೆ."

"ಅದಕ್ಕೆ ಏನು ಮಾತು ಕಲಿಸಿದ್ದೆ ಸಿದ್ದಕ್ಕ?"

"ಇನ್ನೇನು, ನೆಂಟರು ಬಂದ್ರೆ ಮನೇಲಿಲ್ಲ ಅನ್ನು ಅಂತ."

"ಪಾಪ, ಕಲಿಸಿದ ಮಾತು ಉಳಿಸಿಕೊಂಡಿದೆ. ಮನೇಲಿಲ್ಲ."

ಸಿದ್ದಕ್ಕನಿಗೆ ಸಿಟ್ಟು ಬಂತು, ಆಮೇಲೆ ನಗುವೂ ಬಂತು. ಪಂಜರದ ಬಾಗಿಲು ಹಾಕದೆ ಒಳಗೆ ಹೋಗಿ ಮಲಗಿದಳು. ಕೆಂಬೊಳಲಿನವರ ಆಕಾಶ ಹೀಗೆ ತುಂಬಿತು. ನಮ್ಮ ನಿಮ್ಮ ಅಂಗಳವೂ ತುಂಬಿರಲಿ.