ಇಸ್ತ್ರಿ ಅಕ್ಕನ ಫೋಟೋ

"ಇಲ್ಲೊಂದು ಸೈನ್ ಹಾಕಕ್ಕಾ, ಅಷ್ಟೇ!"

ಸೊಳ್ಳೆ ಒಂದು ಚೀಟಿಯನ್ನು ಇಸ್ತ್ರಿ ಮೇಜಿನ ಮೇಲೆ ಇಟ್ಟಳು. ಐದನೇ ಕ್ಲಾಸಿನ ಈ ಹುಡುಗಿ ಎಲ್ಲರ ಕಿವಿ ಹತ್ತಿರ ಪ್ರಶ್ನೆ ಕೇಳುತ್ತಾ ಗುಂಯ್‌ಗುಡುತ್ತಾಳೆ ಅಂತ ಬೀದಿಯವರೇ ಇಟ್ಟ ಹೆಸರು ಅದು.

"ಏನೇ ಇದು, ನನ್ನ ಆಸ್ತಿ ಬರೆಸ್ಕೊಳ್ತಿದೀಯಾ?" ಇಸ್ತ್ರಿ ಅಕ್ಕ ನಕ್ಕಳು. "ಇರೋದೇ ಈ ಒಂದು ಇಸ್ತ್ರಿ ಪೆಟ್ಟಿಗೆ!"

"ಸ್ಕೂಲ್ ಪ್ರಾಜೆಕ್ಟ್ ಅಕ್ಕಾ. 'ಜನ ಮತ್ತು ಮನೆ' ಅಂತ. ಶನಿವಾರ ಎಲ್ಲರ ಫೋಟೋನೂ ಗೋಡೆಗೆ ಹಾಕ್ತಾರೆ. ಫೋಟೋದಲ್ಲಿ ಇರೋರು ಒಪ್ಪಿಗೆ ಚೀಟಿಗೆ ಸೈನ್ ಹಾಕ್ಬೇಕಂತೆ. ಮೇಷ್ಟ್ರ ರೂಲು."

"ಮೊದಲು ಫೋಟೋ ತೋರ್ಸು."

ಸೊಳ್ಳೆ ತನ್ನ ಮಾವನ ಹಳೇ ಕ್ಯಾಮೆರಾ ಮುಂದೆ ಚಾಚಿದಳು.

ಅಕ್ಕನದು ಒಂದೇ ಕೋಣೆ. ಮುಂದಿನರ್ಧ ಅಂಗಡಿ, ಹಿಂದಿನರ್ಧ ಮನೆ. ನಡುವೆ ಹಗ್ಗದ ಮೇಲೆ ಸಾಲಾಗಿ ತೂಗುವ ಅಂಗಿಗಳೇ ಗೋಡೆ. ನಿನ್ನೆ ಮಧ್ಯಾಹ್ನ ಸೊಳ್ಳೆ ಒಳಗೆ ಇಣುಕಿದಾಗ, ಕಿಟಕಿಯ ಬಿಸಿಲು ಆ ಅಂಗಿಗಳೊಳಗಿಂದ ಸೋಸಿಕೊಂಡು ಬರುತ್ತಿತ್ತು. ನೆಲದ ಮೇಲೆ ನೀಲಿ, ಹಳದಿ, ತಿಳಿ ಗುಲಾಬಿ. ಬಣ್ಣದ ನೀರು ನಿಂತ ಹಾಗೆ! ಆ ನೀರಿನಾಚೆ ಮಂಚದ ಮೇಲೆ ಅಕ್ಕ, ಪಕ್ಕದಲ್ಲಿ ಪಾಪು. ಇಬ್ಬರಿಗೂ ಗಾಢ ನಿದ್ದೆ. ಮೇಲೆ ಕೆಂಪು ಹೂವಿನ ಬೆಡ್‌ಶೀಟು. ಸೊಳ್ಳೆ ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿದ್ದಳು.

"ಫಸ್ಟ್ ಪ್ರೈಜ್ ನಿಂದೇ ಕಣೇ!" ಅಂದಿತ್ತು ಇಡೀ ಕ್ಲಾಸು.

ಫೋಟೋ ನೋಡಿ ಅಕ್ಕನ ಮುಖದ ನಗು ಆರಿತು. ಅವಳು ಎದ್ದು ಬೀದಿ ಬಾಗಿಲನ್ನು ಮುಂದೆ ಮಾಡಿದಳು.

"ಈ ಬೆಡ್‌ಶೀಟ್ ಯಾರದು ಗೊತ್ತಾ? ಮೂಲೆ ಮನೆ ಡಾಕ್ಟರಮ್ಮಂದು. ನಿನ್ನೆ ಪಾಪುಗೆ ಜ್ವರ, ಗಡಗಡ ನಡುಗ್ತಿತ್ತು. ಆಗಷ್ಟೇ ಇಸ್ತ್ರಿ ಮಾಡಿದ್ದು, ಬೆಚ್ಚಗಿತ್ತು. ಹೊದಿಸಿಬಿಟ್ಟೆ. ಆಮೇಲೆ ಒಗೆದು, ಒಣಗಿಸಿ, ಮತ್ತೆ ಇಸ್ತ್ರಿ ಮಾಡೇ ಕೊಟ್ಟೆ. ಆದ್ರೆ ಇದನ್ನ ಗೋಡೆ ಮೇಲೆ ನೋಡಿದವರು ಇನ್ಮೇಲೆ ನನ್ನ ಕೈಗೆ ಬಟ್ಟೆ ಕೊಡ್ತಾರಾ?"

"ಆದ್ರೆ ಎಷ್ಟು ಚೆನ್ನಾಗಿ ಬಂದಿದೆ ಅಕ್ಕಾ..."

"ನಿಮ್ಮಮ್ಮ ಬಾಯಿ ತೆರ್ಕೊಂಡು ಮಲಗಿರೋದು ತೆಗ್ದಿದೀಯಾ?"

"ಅಯ್ಯೋ! ಅಮ್ಮ ಸುಮ್ನೆ ಬಿಡ್ತಾಳಾ!"

"ನಾನು ಮಾತ್ರ ಸುಮ್ನೆ ಬಿಡ್ತೀನಿ, ಅಲ್ವಾ?"

ಸೊಳ್ಳೆ ಚೀಟಿಯತ್ತ ನೋಡಿದಳು. 'ನಾನು ಒಪ್ಪಿದ್ದೇನೆ' ಅಂತ ಅವಳೇ ದುಂಡಗೆ ಬರೆದು ತಂದಿದ್ದಳು. ಒಪ್ಪಲ್ಲ ಅನ್ನೋಕೆ ಅದರಲ್ಲಿ ಜಾಗವೇ ಇರಲಿಲ್ಲ.

ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಕ್ಯಾಮೆರಾದ ಡಿಲೀಟ್ ಬಟನ್ ಮೇಲೆ ಬೆರಳಿಟ್ಟಳು. ಇನ್ನೊಂದ್ಸಲ, ಒಂದೇ ಒಂದ್ಸಲ ನೋಡಿಕೊಂಡಳು. ನೀಲಿ, ಹಳದಿ, ತಿಳಿ ಗುಲಾಬಿ. ಒತ್ತಿದಳು. ಕತ್ತಲೆ.

"ಹೋಯ್ತಾ?"

"ಹೂಂ."

ಅಕ್ಕ ಮಂಚದಡಿಯ ಟ್ರಂಕಿನಿಂದ ಒಂದು ಹಸಿರು ಅಂಗಿ ತೆಗೆದಳು. ಹಸು ಅಗಿದು ಉಗುಳಿದ ಹಾಗೆ ಮುದ್ದೆಯಾಗಿತ್ತು.

"ಇದು ನಂದು. ಊರವರ ಬಟ್ಟೆ ಉಜ್ಜೀ ಉಜ್ಜೀ, ನಂದಕ್ಕೆ ಪೆಟ್ಟಿಗೆ ಮುಟ್ಟಿಸಿ ಎಷ್ಟು ವರ್ಷ ಆಯ್ತೋ! ತಡಿ. ಇದನ್ನ ಹಾಕ್ಕೊಂಡು ನಿಂತ್ಕೋತೀನಿ. ನೆಟ್ಟಗೆ ನಿಂತಿರೋದು ತೆಗಿ."

ಹೊರಗೆ ಸೂರ್ಯ ಜಾರುತ್ತಿದ್ದ. ಬೆಳಕು ಒಂದೊಂದೇ ಅಂಗಿಯನ್ನು ಬಿಟ್ಟು ಹೊರಡುತ್ತಿತ್ತು. ಮೊದಲು ನೀಲಿ ಹೋಯಿತು, ಆಮೇಲೆ ಹಳದಿ. 'ಬೇಗ ಅಕ್ಕಾ, ಲೈಟ್ ಹೋಗುತ್ತೆ!' ಅನ್ನೋ ಮಾತು ಸೊಳ್ಳೆಯ ನಾಲಿಗೆ ತುದಿಗೆ ಬಂತು. ನುಂಗಿಕೊಂಡಳು. ಕ್ಯಾಮೆರಾವನ್ನು ಪಕ್ಕಕ್ಕೆ ಇಟ್ಟಳು.

"ಈ ತೋಳು ಎಳೆದು ಹಿಡ್ಕೋ."

ಸೊಳ್ಳೆ ಎರಡೂ ಕೈಯಲ್ಲಿ ಹಿಡಿದಳು. ಅಕ್ಕ ನೀರು ಚಿಮುಕಿಸಿ ಪೆಟ್ಟಿಗೆ ಒತ್ತಿದಳು, ಒದ್ದೆ ಬಟ್ಟೆ ಚುರ್ರೆಂದಿತು. ಬೆಚ್ಚನೆ ಆವಿ ಮುಖಕ್ಕೆ ಬಡಿಯಿತು. ಕೋಣೆಯೆಲ್ಲ ಮೆಲ್ಲಗೆ ಬೂದಿ ಬಣ್ಣಕ್ಕೆ ತಿರುಗಿತು.

"ಬೆಳಕು ಹೋಯ್ತಲ್ಲೇ," ಅಂದಳು ಅಕ್ಕ.

"ಹೋಗ್ಲಿ ಬಿಡಕ್ಕಾ," ಸೊಳ್ಳೆ ಇನ್ನೊಂದು ತೋಳನ್ನು ಬಿಡಿಸಿ ಹಿಡಿದಳು. "ಕಾಲರ್ ಇನ್ನೂ ಆಗಿಲ್ಲ. ನಿಧಾನಕ್ಕೆ ಮಾಡು."